ಗರುಡ ಮರಿ ಒಯ್ಯುವುದಿಲ್ಲ

ಕೆಂಚವ್ವ ಪಕ್ಕದ ಮನೆಯ ಬೆಕ್ಕಿನ ದವಡೆ ಹಿಡಿದು, ಬಾಯಿ ಬಿಡಿಸಿ, ಮೂಗು ಹತ್ತಿರ ಒಯ್ದು ಮೂಸಿ ನೋಡಿದಳು. ಬೆಕ್ಕನ್ನು ಸಾಕಿದ ಖಾಸಿಂಬಿ ಸೊಂಟದ ಮೇಲೆ ಕೈಯಿಟ್ಟು ಎದುರಿಗೇ ನಿಂತಿದ್ದಳು. ಮಿಶ್ರಿಕೋಟಿಯ ಆ ಓಣಿಯಲ್ಲಿ ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ಹಿಂದೆ ಒಂದೇ ಹಿತ್ತಲು. ಬೆಳಿಗ್ಗೆ ಕೆಂಚವ್ವನ ಮತ್ತೊಂದು ಕೋಳಿಮರಿ ಕಾಣೆಯಾಗಿತ್ತು.

“ಏನ್ ವಾಸನಿ ಬಂತಕ್ಕಾ?”

“ಏನೂ ಇಲ್ಲ. ಬಾಯಿ ತೊಳಕೊಂಡೈತಿ.”

“ಬೆಕ್ಕು ಬಾಯಿ ತೊಳಕೋತೈತೇನ್ ಬೇ? ಮ್ಯಾಲ ನೋಡು. ಬೇವಿನ ಗಿಡದಾಗ ದಿನಾ ಬಂದು ಕುಂದರ್ತೈತಲ್ಲ, ಅದನ್ನ ಕೇಳು.”

ಕೆಂಚವ್ವ ತಲೆಯೆತ್ತಿದಳು. ಇಟ್ಟಂಗಿ ಬಣ್ಣದ ರೆಕ್ಕೆ, ಬೆಳ್ಳನೆಯ ಎದೆ. ಕಂಡದ್ದೇ ತಡ, ಗಲ್ಲ ಗಲ್ಲ ಬಡಿದುಕೊಂಡಳು.

“ಹುಚ್ಚಿ, ಅದು ಗರುಡ! ಸತ್ತದ್ದು ತಿನ್ನೂದು ಹದ್ದು. ಮರಿ ಒಯ್ಯೂದು ಗಿಡಗ. ಗರುಡ ಹಾವು ಬಿಟ್ಟು ಬ್ಯಾರೆ ಮುಟ್ಟೂದಿಲ್ಲ. ದೇವರನ್ನ ಹೊತ್ತ ಹಕ್ಕಿ ನನ್ನ ಕೋಳಿಮರಿ ಕದೀತೈತೇನು?”

ಕೆಂಚವ್ವನ ಆಕಾಶದಲ್ಲಿ ಇರುವುದು ಈ ಮೂರೇ. ಯಾವುದು ಏನು ತಿನ್ನಬೇಕೆಂದು ಆಕೆಯ ಅಜ್ಜಿಯ ಕಾಲಕ್ಕೇ ಗೊತ್ತುಮಾಡಿ ಮುಗಿದಿತ್ತು. ಗಿಡಗವಂತೂ ಈ ಓಣಿಯ ಮೇಲೆ ಕಂಡಿರಲಿಲ್ಲ. ಆಕಾಶದಲ್ಲಿ ಕಳ್ಳರಿಲ್ಲ ಎಂದಮೇಲೆ ನೆಲದ ಮೇಲೆ ಇರಲೇಬೇಕಲ್ಲ! ಖಾಸಿಂಬಿ ನೀರಿಗೆ ಹೋದ ಹೊತ್ತು ನೋಡಿ ಆಕೆಯ ತಿಪ್ಪೆ ಕೆದರಿದಳು. ಒಂದು ಪುಕ್ಕವೂ ಸಿಗಲಿಲ್ಲ. ಸಿಗದಂತೆ ಹೂತಿದ್ದಾರೆ ಎಂದುಕೊಂಡಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

“ಶುಕ್ರವಾರ ನಿಮ್ಮನಿಯಾಗ ಮಸಾಲಿ ವಾಸನಿ ಘಮ್ಮಂತಿತ್ತು,” ಎಂದಳು ಸಂಜೆ, ಗೋಡೆಯ ಕಡೆ ಮುಖ ಮಾಡಿ.

ಖಾಸಿಂಬಿ ಗೋಡೆಯ ಹತ್ತಿರ ಬಂದಳು. ಬೆಕ್ಕಿನ ಮೇಲಿದ್ದ ಮಾತು ತನ್ನ ಒಲೆಯವರೆಗೂ ಬಂದಿತ್ತು. “ಹೆಬ್ಬಟ್ಟಿನಷ್ಟು ಮರಿ ಹಾಕಿ ಯಾರು ಸಾರು ಮಾಡ್ತಾರಕ್ಕಾ? ಬದನಿಕಾಯಿ ಪಲ್ಯ ಅದು. ನಿನಗೂ ಒಂದು ಬಟ್ಟಲ ಕೊಟ್ಟಿದ್ನಲ್ಲ.”

“ಅದಕ್ಕ ಅನುಮಾನ. ಸುಮ್ಮಸುಮ್ಮನ ಯಾರು ಕೊಡ್ತಾರ? ನೋಡು, ಒಂದೋ ಬೆಕ್ಕು ಇಟ್ಕೋ, ಇಲ್ಲಾ ನನ್ನ ಜೋಡಿ ಮಾತು ಇಟ್ಕೋ.”

ಖಾಸಿಂಬಿ ಆ ಬೆಕ್ಕಿಗೆ ಚಾಂದನಿ ಎಂದು ಹೆಸರಿಟ್ಟಿದ್ದಳು. ಕಣ್ಣು ಬಿಡುವ ಮೊದಲೇ ತಂದು, ಬಟ್ಟೆಯ ತುದಿ ಹಾಲಿಗೆ ಅದ್ದಿ ಕುಡಿಸಿ ಬೆಳೆಸಿದ್ದು. ಇಲಿ ಬಂದರೆ ಎದ್ದು ದಾರಿ ಬಿಡುವಂಥ ಬೆಕ್ಕು. ಆದರೆ ಕೆಂಚವ್ವನ ಮಾತಿಲ್ಲದೆ ಆಕೆಗೆ ಹೊತ್ತು ಹೋಗದು. ಮರುದಿನ ಬೆಕ್ಕನ್ನು ಚೀಲಕ್ಕೆ ಹಾಕಿ, ತಮ್ಮ ಅಲ್ಲಾಭಕ್ಷನ ಬೈಕಿನಲ್ಲಿ ದುಮ್ಮವಾಡಕ್ಕೆ ಕಳಿಸಿದಳು. ಚೀಲ ತಿರುವಿನವರೆಗೂ ಕೂಗುತ್ತ ಹೋಯಿತು. ಖಾಸಿಂಬಿ ಒಳಗೆ ಬಂದು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಮಧ್ಯಾಹ್ನ ಇಬ್ಬರೂ ಹಿತ್ತಲ ಕಟ್ಟೆಯ ಮೇಲೆ ಒಂದೇ ಕೌದಿಯ ಎರಡು ಅಂಚು ಹಿಡಿದು ಹೊಲಿಯುತ್ತ ಕೂತಿದ್ದರು. ಕೆಂಚವ್ವ ಖುಷಿಯಲ್ಲಿದ್ದಳು. ಇನ್ನು ಮರಿಗಳ ಚಿಂತೆಯಿಲ್ಲ ಎನ್ನುತ್ತಿದ್ದಂತೆ ಬೇವಿನ ಮರದಿಂದ ಹಕ್ಕಿ ಇಳಿಯಿತು. ಅವಸರವೇನೂ ಇರಲಿಲ್ಲ ಅದಕ್ಕೆ. ತಾಯಿಕೋಳಿಯ ಕಣ್ಣೆದುರೇ ಒಂದು ಮರಿಯನ್ನು ಉಗುರಲ್ಲಿ ಎತ್ತಿಕೊಂಡು, ಇಬ್ಬರ ತಲೆಯ ಮೇಲೆಯೇ ಕೆರೆಯ ಕಡೆಗೆ ಹೋಯಿತು. ಇಟ್ಟಂಗಿ ಬಣ್ಣದ ರೆಕ್ಕೆ, ಬೆಳ್ಳನೆಯ ಎದೆ, ಇಬ್ಬರೂ ನೋಡಿದರು.

ಖಾಸಿಂಬಿ ಸೂಜಿ ನಿಲ್ಲಿಸಿದಳು. ಕೆಂಚವ್ವನೇ ಹೇಳಲಿ ಎಂದು ಕಾದಳು.

“ಅದು ಗರುಡ ಅಲ್ಲ ಬಿಡು,” ಎಂದಳು ಕೆಂಚವ್ವ ಕಡೆಗೆ. “ಬಿಸಿಲಿಗೆ ಹಂಗ ಕಾಣ್ತಿತ್ತು. ಗಿಡಗ ಅದು.”

“ಗಿಡಗನ ಆಗ್ಲಿ ಅಕ್ಕಾ. ಹಂಗಾರ ಚಾಂದನಿನ್ನ ವಾಪಸ್ ಕರಸ್ಲ್ಯಾ?” ಖಾಸಿಂಬಿಯ ಕೈಯಲ್ಲಿ ಸೂಜಿ ನಿಂತೇ ಇತ್ತು.

ಕೆಂಚವ್ವ ದಾರವನ್ನು ಹಲ್ಲಿನಿಂದ ಕಡಿದಳು.

“ಬ್ಯಾಡ. ಒಮ್ಮೆ ಕದ್ದ ಬೆಕ್ಕು ಮತ್ತ ಕದೀತೈತಿ.”