ಬೃಹದ್ಭಾರವಾಹನ

ನಿಘಂಟು ಸಂಪಾದಕ ನೇಮಿರಾಜಯ್ಯನವರು 'ಲಾರಿ' ಎಂಬ ಇಂಗ್ಲಿಷ್ ಪದವನ್ನು ನಿಘಂಟಿನೊಳಗೆ ಬಿಟ್ಟುಕೊಳ್ಳಲು ಸುತರಾಂ ಒಪ್ಪಲಿಲ್ಲ. ಅದಕ್ಕೆ ಬದಲಾಗಿ ಮೂರು ವಾರ ತಿಣುಕಿ 'ಬೃಹದ್ಭಾರವಾಹನ' ಎಂದು ಟಂಕಿಸಿದ್ದರು.

"ಜನ ಲಾರಿ ಅಂತಾನೇ ಅನ್ನೋದು ಸಾರ್," ಎಂದು ಸಹಾಯಕಿ ದಾಕ್ಷಾಯಿಣಿ ಬಸ್ ಸ್ಟಾಪಿನವರೆಗೂ ವಾದಿಸಿದಳು.

"ಕಲಿಸಿದ್ರೆ ಕಲೀತಾರಮ್ಮ," ಎಂದು ತಿರುಗಿದವರಿಗೆ, ರಸ್ತೆ ದಾಟುತ್ತಿದ್ದ ಅವಳತ್ತಲೇ ನುಗ್ಗಿ ಬರುತ್ತಿದ್ದ ದೈತ್ಯ ಗಾಡಿ ಕಂಡಿತು.

"ಬೃಹದ್ಭಾ..." ಪದ ಮೂರಕ್ಷರಕ್ಕೇ ನಾಲಿಗೆಯಲ್ಲಿ ತೊಡರಿತು. "ಅಯ್ಯೋ, ಲಾರಿ! ಲಾರಿ!"

ಅವಳು ಚಂಗನೆ ಹಾರಿ ಚರಂಡಿಗೆ ಬಿದ್ದಳು. ಗಾಡಿ ಕೂದಲೆಳೆಯ ಅಂತರದಲ್ಲಿ ಹಾದುಹೋಯಿತು.

ನೇಮಿರಾಜಯ್ಯನವರು ಅವಳನ್ನು ಮೇಲೆತ್ತುತ್ತ, "ನಾನು ಸೋತೆ ಕಣಮ್ಮ. ನಾಳೆ ಲಾರಿ ಅಂತಾನೇ ಸೇರಿಸಿಬಿಡು," ಎಂದರು.

ಅವಳು ಕನ್ನಡಕದ ಕೆಸರು ಒರೆಸಿಕೊಂಡು, "ಅದು ಲಾರಿ ಅಲ್ಲ ಸಾರ್, ಟಿಪ್ಪರ್ರು," ಎಂದಳು.