ಹೊಸ ಅಳಿಯನ ಹೆಪ್ಪು

ಊಟದ ಕೊನೆಗೆ ಅತ್ತೆ ಮೊಸರಿನ ಬಟ್ಟಲು ತಂದರು. ಮದುವೆಯಾದಾಗ ತವರಿನಿಂದ ತಂದ ಹೆಪ್ಪನ್ನು ಮೂವತ್ತು ವರ್ಷ ಕೆಡದಂತೆ ಉಳಿಸಿಕೊಂಡು ಬಂದಿದ್ದರು.

ಹೊಸ ಅಳಿಯ ಮೂಗು ಮುಚ್ಚಿಕೊಂಡ. "ಥೂ! ಕರುವಿನ ಬಾಯಿಂದ ಕಿತ್ಕೊಂಡಿದ್ದು. ನೋಡಿದ್ರೇ ವಾಕರಿಕೆ ಬರುತ್ತೆ. ನಾನು ವೀಗನ್ ಅತ್ತೆ, ಪ್ರಾಣಿಯಿಂದ ಬಂದದ್ದು ಮುಟ್ಟಲ್ಲ. ಹೊಟ್ಟೆಗೆ ಬೇಕಾದ ಬ್ಯಾಕ್ಟೀರಿಯಾ ಈ ಕ್ಯಾಪ್ಸೂಲಲ್ಲೇ ಇದೆ," ಎಂದು ಜೇಬಿನಿಂದ ಡಬ್ಬಿ ತೆಗೆದ.

ಅತ್ತೆಯ ಮುಖ ಸಣ್ಣದಾಯಿತು. ಮಗಳು ಡಬ್ಬಿಯೊಳಗಿನ ಚೀಟಿ ಬಿಡಿಸಿ ಓದಿದಳು.

"ರೀ, ಈ ಬ್ಯಾಕ್ಟೀರಿಯಾನ ಮೊದಲು ತೆಗೆದಿದ್ದು ಎಳೇ ಮಗುವಿನ ಮಲದಿಂದ ಅಂತೆ!"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದರು.

ಅಳಿಯ ಕ್ಯಾಪ್ಸೂಲನ್ನು ತುಟಿಯ ಬಳಿಯೇ ತಡೆದು ಕೇಳಿದ:

"ಆ ಮಗು ಹಸುವಿನ ಹಾಲು ಕುಡೀತಿತ್ತಾ?"