ಚಿಲಕದ ಹಿಂದಿನ ಹಲ್ವ

ಅಡುಗೆಮನೆಗೆ ಒಳಗಿನಿಂದ ಚಿಲಕ ಬಿದ್ದಿತ್ತು. ನಾದಿನಿ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಳು.

ಅವಳು ಶಾಲೆಯಲ್ಲಿ ಟೀಚರು. ಪರೀಕ್ಷೆಯಲ್ಲಿ ನಕಲು ಹಿಡಿಯುವುದರಲ್ಲಿ ಎತ್ತಿದ ಕೈ. ಅವಳ ಕಣ್ಣು ತಪ್ಪಿಸುವ ಚೀಟಿ ಇನ್ನೂ ಹುಟ್ಟಿಲ್ಲವೆಂದು ಜೊತೆಯವರು ಹೇಳುತ್ತಿದ್ದರು. ಹೊಗಳುತ್ತಿದ್ದಾರೆಂದು ಅವಳು ತಿಳಿದುಕೊಂಡಿದ್ದಳು. ರಜೆಗೆಂದು ಅಣ್ಣನ ಮನೆಗೆ ಬಂದವಳ ಕಣ್ಣು ಈ ಸಲ ಅತ್ತಿಗೆಯ ಮಾವಿನ ಹಲ್ವದ ಮೇಲೆ ಬಿದ್ದಿತ್ತು.

"ಅಣ್ಣಾ, ಹಲ್ವ ಮಾಡೋಕೆ ಚಿಲಕ ಯಾಕೆ?"

"ಗಾಳಿ ತಾಗಬಾರದು ಕಣೇ. ಮಾವಿನ ರಸ ಬಲು ಸೂಕ್ಷ್ಮ," ಅಣ್ಣ ಪತ್ರಿಕೆಯಿಂದ ತಲೆಯೆತ್ತದೆ ಹೇಳಿದ.

"ಯಾರು ಹೇಳಿದ್ದು?"

"ಅವಳೇ. ಆಮೇಲೆ ನಾನೂ ಯೋಚನೆ ಮಾಡಿದೆ. ವೈಜ್ಞಾನಿಕವಾಗಿ ಸರಿಯಾಗೇ ಇದೆ."

ಕಚೇರಿಯಲ್ಲಿ ಅಣ್ಣನಿಗೆ 'ಮಾವಿನ ಪಂಡಿತ' ಎಂದೇ ಹೆಸರು. ಹಣ್ಣು ಮೂಸಿ ತಳಿ ಹೇಳುತ್ತಿದ್ದ, ಮರದ ವಯಸ್ಸು ಹೇಳುತ್ತಿದ್ದ. ಬಿಟ್ಟರೆ ಮರದ ಮನಸ್ಸಿನಲ್ಲಿದ್ದುದನ್ನೂ ಹೇಳುತ್ತಿದ್ದ. ಮನೆಗೆ ತಂದ ಹಣ್ಣಿನ ಹಂಚಿಕೆಯೂ ಅವನದೇ: ಎರಡು ಬದಿಯ ಹೋಳು ತನಗೆ, ನಡುವಿನ ವಾಟೆ ಹೆಂಡತಿಗೆ. "ಅವಳಿಗೆ ವಾಟೆ ಚೀಪೋದು ಅಂದ್ರೆ ಪ್ರಾಣ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮದುವೆಯಾದ ವರ್ಷ ಅವಳು ಹಾಗೇನಿಲ್ಲವೆಂದು ಹೇಳಲು ಬಾಯಿ ತೆರೆದಿದ್ದಳು. ಅವನು ಪ್ರೀತಿಯಿಂದ ಇನ್ನೊಂದು ವಾಟೆ ಕೊಟ್ಟ. ಮರುವರ್ಷ ಅವಳು ಹಲ್ವ ಕಲಿತಳು.

ಅಂದು ಸಂಜೆ ಆ ಹಲ್ವ ತಿನ್ನಲು ಮೇಲಧಿಕಾರಿ ಬರುವವರಿದ್ದರು. ಅದಕ್ಕೆಂದೇ ಪಂಡಿತ ಒಂದು ಬುಟ್ಟಿ ಮಾವು ತಂದುಕೊಟ್ಟಿದ್ದ. ಕಚೇರಿಯಲ್ಲಿ ಖಾಲಿ ಬಿದ್ದಿದ್ದ ದೊಡ್ಡ ಕುರ್ಚಿಗೂ ಈ ಆಹ್ವಾನಕ್ಕೂ ಯಾವ ಸಂಬಂಧವೂ ಇಲ್ಲವೆಂದು ಪಂಡಿತ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ನಾದಿನಿ ಬೆಳಿಗ್ಗೆಯೇ ತನಿಖೆ ಶುರು ಮಾಡಿದ್ದಳು. ಅತ್ತಿಗೆಯ ಕೈಚೀಲ ಜಾಲಾಡಿದಳು. ಸಕ್ಕರೆ, ತುಪ್ಪ, ಹಾಲು, ಕೇಸರಿ, ಏಲಕ್ಕಿ, ತರಕಾರಿ.

"ಸಿಹಿಗುಂಬಳ ಯಾರಿಗೆ ಅತ್ತಿಗೆ?"

"ನನಗೇ. ನಿಮ್ಮಣ್ಣ ಅದನ್ನ ಮುಟ್ಟಲ್ವಲ್ಲ."

"ದನಕ್ಕೆ ಹಾಕೋದನ್ನ ಮನುಷ್ಯರು ತಿಂತಾರಾ?" ಪಂಡಿತ ಹಜಾರದಿಂದಲೇ ತೀರ್ಪು ಕೊಟ್ಟಿದ್ದ.

ಆಮೇಲೆ ನಾದಿನಿ ಹಿತ್ತಿಲ ಬಾಗಿಲು ಕಾದಳು. ಯಾರೂ ಬರಲಿಲ್ಲ, ಯಾವ ಪೊಟ್ಟಣವೂ ಒಳಗೆ ಹೋಗಲಿಲ್ಲ. ಇಷ್ಟಕ್ಕೆ ಬೇರೆಯವರಾದರೆ ಸುಮ್ಮನಾಗುತ್ತಿದ್ದರು. ಅವಳಿಗೆ ಅನುಮಾನ ಹೆಚ್ಚಾಯಿತು.

"ಅಂಗಡಿ ಹಲ್ವ ನಿನ್ನೆಯೇ ತಂದಿಟ್ಟಿದ್ದಾರೆ. ಒಳಗೆ ಬಿಸಿ ಮಾಡ್ತಾ ಕೂತಿದ್ದಾರೆ, ಅಷ್ಟೆ. ಸಂಜೆ ನಿಮ್ಮ ಸಾಹೇಬರ ಎದುರಿಗೇ ಬಯಲಿಗೆ ಎಳೀತೀನಿ."

"ಸಾಹೇಬರ ಎದುರಿಗೆ ಬೇಡ ತಾಯಿ!" ಪತ್ರಿಕೆ ಕೆಳಗೆ ಬಿತ್ತು. "ಅನುಮಾನ ಇದ್ರೆ ಈಗಲೇ ಒಳಗೆ ಹೋಗಿ ನೋಡು."

ಒಳಗೆ ಪಾತ್ರೆಯ ಸದ್ದು ನಿಂತಿತು. ಇಷ್ಟು ವರ್ಷ ಕಾಪಾಡಿಕೊಂಡ ಚಿಲಕ. ಒಮ್ಮೆ ಹೋದರೆ ಹೋಯಿತು. ಅದು ಒಳಗಿದ್ದ ಅತ್ತಿಗೆಗೂ ಗೊತ್ತಿತ್ತು.

ನಾದಿನಿ ದಬದಬ ಬಡಿದಳು. ಬಾಗಿಲು ಒಂದು ಗೇಣು ತೆರೆಯಿತು. ಘಮ್ಮೆಂದು ಮಾವಿನ ಪರಿಮಳ ಹೊರಗೆ ಬಂತು, ನಾದಿನಿ ಒಳಗೆ ಹೋದಳು, ಚಿಲಕ ಮತ್ತೆ ಬಿತ್ತು.

ಪಂಡಿತ ಜಗಳಕ್ಕೆ ಕಾದ. ಒಂದು ಮಾತಿಲ್ಲ. ತಂಗಿಯ ಬಾಯಿ ಇಷ್ಟು ಹೊತ್ತು ಸುಮ್ಮನಿದ್ದದ್ದು ಆ ಮನೆತನದಲ್ಲಿ ಯಾರಿಗೂ ನೆನಪಿರಲಿಲ್ಲ. ಅವನಿಗೆ ನಿಜಕ್ಕೂ ಭಯವಾಯಿತು.

ಕೊನೆಗೊಮ್ಮೆ ಅವಳು ಹೊರಗೆ ಬಂದಳು. ಮೊಣಕೈವರೆಗೆ ತೊಳೆದ ಕೈಯನ್ನು ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತಿದ್ದಳು.

"ಏನೇ? ಅಂಗಡೀದಾ?"

"ಛೆ! ಅತ್ತಿಗೆ ಬಗ್ಗೆ ಹಾಗೆಲ್ಲ ಮಾತಾಡಬೇಡ ಅಣ್ಣ." ಅನುಮಾನಪಟ್ಟವನು ಅವನೇ ಎಂಬಂತೆ ಗದರಿಸಿದಳು. "ಕಣ್ಣಾರೆ ಕಂಡೆ. ಹಣ್ಣಿನ ಒಂದು ಹನೀನೂ ಅವರು ಹಾಳು ಮಾಡಲ್ಲ. ಬೇಕಾದ್ರೆ ಕಸದ ಬುಟ್ಟಿ ನೋಡ್ಕೋ."

ಪಂಡಿತ ನೋಡಿದ. ಸಿಪ್ಪೆ ಹಿಂಡಿ ಹಿಪ್ಪೆಯಾಗಿತ್ತು. ವಾಟೆಗಳು ಬೆಳ್ಳಗೆ, ನಾರು ಬಿಟ್ಟುಕೊಂಡು ಬಿದ್ದಿದ್ದವು. "ನೋಡಿದೆಯಾ? ಅಷ್ಟೂ ರಸ ಹಲ್ವಕ್ಕೆ ಇಳಿದಿದೆ!" ಎಂದು ಬೀಗಿದ.

"ಮುಂದಿನ ವರ್ಷ ಎರಡು ಬುಟ್ಟಿ ತಗೊಂಡು ಬಾ. ನಾನೂ ಅತ್ತಿಗೆ ಜೊತೆ ಕೂರ್ತೀನಿ. ಪಾಪ, ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಅದು."

ಸಂಜೆ ಮೇಲಧಿಕಾರಿ ಮೊದಲ ಬಟ್ಟಲು ಬಳಿದು ಮುಗಿಸಿದರು. ಎರಡನೆಯದನ್ನು ತಾವೇ ಕೇಳಿದರು. ಪಂಡಿತ ಕಣ್ಣು ಮುಚ್ಚಿ ಚಮಚ ಬಾಯಿಗಿಟ್ಟ.

"ನಾಲಿಗೆ ಮೇಲಿಟ್ಟ ಕೂಡಲೇ ಗೊತ್ತಾಗುತ್ತೆ ಸಾರ್. ಇದು ಹಳೇ ಮರದ ಹಣ್ಣು. ಅದೂ ಬೆಳಗಿನ ಬಿಸಿಲು ಬೀಳೋ ಕೊಂಬೇದು."

"ಕೊಂಬೆ ಕೂಡ ಗೊತ್ತಾಗುತ್ತೇನ್ರೀ?"

"ಅಭ್ಯಾಸಬಲ ಸಾರ್."

ನಾದಿನಿಗೆ ಕೆಮ್ಮು ಹತ್ತಿತು. ಅತ್ತಿಗೆ ನೀರು ಕೊಟ್ಟು ಬೆನ್ನು ಸವರಿದಳು.

"ನೀವೂ ಸ್ವಲ್ಪ ತಗೊಳ್ಳಿ ಅಮ್ಮ," ಎಂದರು ಮೇಲಧಿಕಾರಿ.

"ಬೇಡ ಸಾರ್. ಇವರು ತಿನ್ನೋದು ನೋಡಿದರೇ ನನಗೆ ಹೊಟ್ಟೆ ತುಂಬುತ್ತೆ."

ಮೇಲಧಿಕಾರಿಯ ಕಣ್ಣು ಒದ್ದೆಯಾಯಿತು. ಇಂಥ ಗೃಹಿಣಿಯನ್ನು ಪಡೆದವನ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲವೆಂದೂ, ಕುರ್ಚಿಯ ವಿಷಯ ಸೋಮವಾರ ಮಾತಾಡೋಣವೆಂದೂ ಹೇಳಿ ಹೊರಟರು.

ಅವರನ್ನು ಗೇಟಿನವರೆಗೆ ಕಳಿಸಿ ಬಂದ ಪಂಡಿತ ತಾನು ಖಾಲಿ ಮಾಡಿದ ಬಟ್ಟಲನ್ನು ಹೆಂಡತಿಯ ಮುಂದೆ ಮತ್ತೆ ಒಡ್ಡಿದ. "ಅದಿರಲಿ, ಬೆಳಿಗ್ಗೆ ತಂದಿದ್ದೆಯಲ್ಲ ಆ ಕುಂಬಳ, ಅದಿನ್ನೂ ಮನೇಲಿದೆಯೇನು?"

"ಇನ್ನೇನು, ಮುಗೀತು ಕಣ್ರೀ," ಎಂದು ಅವಳು, ಮಧ್ಯಾಹ್ನ ನಾದಿನಿಯ ಜೊತೆ ಒಂದು ಬುಟ್ಟಿ ಮಾವು ಖಾಲಿ ಮಾಡಿದ್ದ ಅದೇ ಕೈಯಿಂದ, ಬಾಣಲೆಯ ತಳದಲ್ಲಿ ಉಳಿದಿದ್ದ ಕೊನೆಯ ಚಮಚ ಕುಂಬಳವನ್ನು ಅವನ ಬಟ್ಟಲಿಗೆ ಕೆರೆದು ಹಾಕಿದಳು.